ಬರ್ವಾಗ ಖಾಲಿ ಬರ್ತಿತ್ತಾ?

ಮೊನ್ನೆ ಭಾನುವಾರ ಸಂಜೆ ಅಡುಗೆಮನೆ ಟೇಬಲ್ಲಿನ ಒಂದು ತುದಿಯಲ್ಲಿ ಅಮ್ಮ ಬಟಾಣಿ ಸುಲಿಯುತ್ತಿದ್ದಳು, ಇನ್ನೊಂದು ತುದಿಯಲ್ಲಿ ನಾನು ಗುಂಡು ಜೋಡಿಸುತ್ತಿದ್ದೆ. ಮಾಡೆಲ್ ರೈಲಿನ ವ್ಯಾಗನ್ನಿಗೆ ತುಂಬೋ ಫಿರಂಗಿ ಗುಂಡು. ಒಂದೊಂದೂ ಎಂಟು ಮಿಲಿಮೀಟರ್ ದಪ್ಪ. ದುಂಡನೆಯ ಮರದ ಕಡ್ಡಿ ಕತ್ತರಿಸಿ, ಡ್ರಿಲ್ಲಿಗೆ ಸಿಕ್ಕಿಸಿ, ಮರಳುಕಾಗದದಲ್ಲಿ ಮೂತಿ ತೀಡಿ, ಹಳದಿ ಬಣ್ಣ ಬಳಿದು ಒಣಗಿಸಿದ್ದು. ಒಟ್ಟು 224. ನಿಜವಾದ 6 ಇಂಚಿನ ಹೋವಿಟ್ಜರ್ ಫಿರಂಗಿಯ ಗುಂಡು 100 ಪೌಂಡ್ ತೂಗುತ್ತಿತ್ತು, ಅಂದ್ರೆ ಹತ್ತಿರ ಹತ್ತಿರ 45 ಕೆಜಿ. ನಿಜವಾದ ವ್ಯಾಗನ್ ಹೊರುತ್ತಿದ್ದದ್ದು ಸುಮಾರು 10 ಟನ್. ಇಂಗ್ಲಿಷ್ ಟನ್ನಿನಲ್ಲಿ (ಒಂದಕ್ಕೆ 2,240 ಪೌಂಡ್) ಭಾಗಿಸಿದರೆ ಬರೋ ಲೆಕ್ಕ 224. ಲೆಕ್ಕ ಬಂದಮೇಲೆ ಕಮ್ಮಿ ಮಾಡೋಕೆ ಮನಸ್ಸು ಬರಲಿಲ್ಲ. ಮೂರು ವಾರದ ಸಂಜೆಗಳು ಅದಕ್ಕೇ ಹೋದವು.

ಅಮ್ಮ ಹಾಸನದಿಂದ ಇಂಗ್ಲೆಂಡಿಗೆ ನನ್ನ ಮನೆಗೆ ಬಂದು ಎರಡು ತಿಂಗಳಾಯ್ತು. ಇಷ್ಟು ದಿನ ನನ್ನ ಕೆಲಸ ನೋಡುತ್ತಿದ್ದಳೇ ಹೊರತು ಏನೂ ಕೇಳಿರಲಿಲ್ಲ. ಅವತ್ತು ಬಟಾಣಿ ಬಟ್ಟಲು ಪಕ್ಕಕ್ಕೆ ಸರಿಸಿ ಕೇಳಿದಳು.

"ಇದು ಯಾವ ಗಾಡಿ ಮಗ?"

ಹೇಳಿದೆ. ಮೊದಲನೇ ಮಹಾಯುದ್ಧದಲ್ಲಿ ಫ್ರಾನ್ಸ್, ಬೆಲ್ಜಿಯಂ ಕಡೆ ಬ್ರಿಟಿಷರು ಹಾಕಿದ್ದ ಸಣ್ಣ ರೈಲು. ಹಳಿಗಳ ನಡುವೆ ಬರೀ 60 ಸೆಂಟಿಮೀಟರ್. 1916ರಲ್ಲಿ ಸೋಮ್ ಯುದ್ಧದ ಹೊತ್ತಿಗೆ ರಸ್ತೆಗಳೆಲ್ಲ ಕೆಸರಾಗಿ ಲಾರಿ, ಕುದುರೆಗಾಡಿ ಹೂತು ಹೋಗುತ್ತಿದ್ದವು. ಅದಕ್ಕೇ ಮುಂದಿನ ವರ್ಷ ಈ ಹಳಿಗಳನ್ನ ಎಲ್ಲ ಕಡೆ ಹಾಸಿದರು. ದೊಡ್ಡ ರೈಲು ತಂದು ಇಳಿಸಿದ ಗುಂಡುಗಳನ್ನ ಇದು ಫಿರಂಗಿಗಳ ಹತ್ತಿರ ಒಯ್ಯುತ್ತಿತ್ತು, ಜಾಸ್ತಿ ರಾತ್ರಿ ಹೊತ್ತೇ. ಉಗಿ ಎಂಜಿನ್ನಿನ ಹೊಗೆ, ಕಿಡಿ ಶತ್ರುವಿಗೆ ಕಾಣುತ್ತೆ ಅಂತ ಮುಂದೆ ಮುಂದೆ ಹೋದ ಹಾಗೆ ಚಿಕ್ಕ ಪೆಟ್ರೋಲ್ ಎಂಜಿನ್ ಹಚ್ಚುತ್ತಿದ್ದರು. ನಾನು ಮಾಡುತ್ತಿರೋದು ಅದರ 'ಡಿ' ಕ್ಲಾಸ್ ವ್ಯಾಗನ್, ಮೇಲೆ ತೆರೆದದ್ದು, ಪಕ್ಕದ ಹಲಗೆ ಕೀಲಿನ ಮೇಲೆ ಕೆಳಕ್ಕೆ ಬೀಳುತ್ತೆ, ಅಂತೆಲ್ಲ ಹೇಳಿದೆ. ನನಗೆ ಇಷ್ಟವಾದ ವಿಷಯ, ಜಾಸ್ತಿಯೇ ಹೇಳಿರಬೇಕು.

ಅಮ್ಮ ಪೂರ್ತಿ ಕೇಳಿಸಿಕೊಂಡಳು. ಆಮೇಲೆ ಕೇಳಿದಳು, "ಅಲ್ಲ ಮಗ, ಹೋಗ್ವಾಗ ಗುಂಡು ತುಂಬ್ಕೊಂಡು ಹೋಯ್ತು ಸರಿ. ಬರ್ವಾಗ ಖಾಲಿ ಬರ್ತಿತ್ತಾ?"

ನಾನು ತಲೆ ಎತ್ತದೆ "ಹೂಂ, ಖಾಲಿ" ಅಂದೆ.

"ಯಾವ ಗಾಡಿನೂ ಖಾಲಿ ಬರಲ್ಲ ಕಣೋ" ಅಂತ ಹೇಳಿ ಮತ್ತೆ ಬಟಾಣಿ ಎತ್ತಿಕೊಂಡಳು.

ಅಮ್ಮ ಲಾರಿಯವನ ಹೆಂಡತಿ. ಅಪ್ಪ ಹಾಸನದ ಆಲೂಗಡ್ಡೆ ಏರಿಸಿಕೊಂಡು ಮದ್ರಾಸಿಗೆ ಹೋಗುತ್ತಿದ್ದರು. ಹೋಗುವಾಗ ಸಿಕ್ಕ ಬಾಡಿಗೆ ಡೀಸೆಲ್ಲಿಗೆ, ಕ್ಲೀನರ್ ಹುಡುಗನಿಗೆ, ಟೈರಿಗೆ ಅಂತ ಹೋಗುತ್ತಿತ್ತು. ನಮ್ಮ ಸ್ಕೂಲ್ ಫೀಸು, ಮನೆ ಅಕ್ಕಿ ಎಲ್ಲ ನಡೆದದ್ದು ರಿಟರ್ನ್ ಲೋಡಿನಲ್ಲಿ. ಉಪ್ಪೋ ಸಿಮೆಂಟೋ ಏನಾದರೂ ಸಿಗಲಿ ಅಂತ ಎರಡೆರಡು ದಿನ ಅಲ್ಲೇ ಲಾರಿ ಕೆಳಗೆ ಮಲಗಿ ಕಾಯುತ್ತಿದ್ದರಂತೆ. ಅಂಥ ಮನೇಲಿ ಬೆಳೆದ ನಾನು 'ಖಾಲಿ' ಅಂತ ಎಷ್ಟು ಸುಲಭವಾಗಿ ಹೇಳಿಬಿಟ್ಟೆ!

ರಾತ್ರಿ ನಿದ್ದೆ ಬರಲಿಲ್ಲ. ಕಂಪ್ಯೂಟರ್ ತೆರೆದೆ. ಕೀಲಿನ ಅಳತೆಗೆ ಅಂತ ನಾನು ಇಟ್ಟುಕೊಂಡಿದ್ದ ಒಂದು ಫೋಟೋ ಇತ್ತು, 1917ರದು. ಅದರಲ್ಲಿ ನನಗೆ ಬೇಕಾದಷ್ಟು ಭಾಗ ಮಾತ್ರ ಕತ್ತರಿಸಿ ಇಟ್ಟಿದ್ದೆ. ಹಲಗೆ, ಕೀಲು, ಮೂಲೆಯ ಕಬ್ಬಿಣದ ಪಟ್ಟಿ, ರಿವೆಟ್ಟು. ಮೂಲ ಫೋಟೋ ಹುಡುಕಿ ಪೂರ್ತಿ ತೆರೆದೆ. ಹಲಗೆ ಮೇಲೆ ಜನ ಇದ್ದರು. ತಲೆಗೆ ಬ್ಯಾಂಡೇಜ್ ಸುತ್ತಿಕೊಂಡವರು, ಕೈ ಕುತ್ತಿಗೆಗೆ ಕಟ್ಟಿಕೊಂಡವರು, ಕಾಲು ನೀಡಿ ಒರಗಿದವನೊಬ್ಬ. ಎರಡು ತಿಂಗಳಿಂದ ದಿನಾ ನೋಡಿದ ಕೀಲು ಅವನ ಬೂಟಿನ ಪಕ್ಕದಲ್ಲೇ ಇತ್ತು. ರಿವೆಟ್ಟು ಎಣಿಸೋಕೆ ಅಂತ ನಾನು ಅವರನ್ನೆಲ್ಲ ಕತ್ತರಿಸಿ ಹಾಕಿದ್ದೆ.

ಗೊತ್ತಿಲ್ಲದ ವಿಷಯ ಏನಲ್ಲ ಇದು. ಗುಂಡು ಇಳಿಸಿದ ಗಾಡಿಗಳಲ್ಲೇ ಗಾಯಾಳುಗಳನ್ನ ಹಿಂದಿನ ಆಸ್ಪತ್ರೆ ಡೇರೆಗಳಿಗೆ ತರುತ್ತಿದ್ದರು ಅಂತ ಓದಿದ್ದೆ. ಓದಿದ್ದು ಒಂದು ಕಡೆ, ಮಾಡೆಲ್ ಇನ್ನೊಂದು ಕಡೆ ಇತ್ತು ಅಷ್ಟೇ. ಅಮ್ಮನ ಒಂದು ಪ್ರಶ್ನೆ ಎರಡನ್ನೂ ಜೋಡಿಸಿತು.

ಸೋಮವಾರ ಕೆಲಸದಿಂದ ಬಂದವನೇ ಅಳತೆ ಶುರು ಮಾಡಿದೆ. ನಮ್ಮ ಸ್ಕೇಲಿನಲ್ಲಿ ಒಂದು ಅಡಿಗೆ 16 ಮಿಲಿಮೀಟರ್. ಎರಡಡಿ ಹಳಿ ನಮ್ಮ ತೋಟದಲ್ಲಿ ಹಾಸಿರೋ ಮಾಡೆಲ್ ಹಳಿಯಲ್ಲಿ 32 ಮಿಲಿಮೀಟರ್ ಆಗುತ್ತೆ. ಸುಮಾರು 18 ಅಡಿಯ ವ್ಯಾಗನ್ 28 ಸೆಂಟಿಮೀಟರ್ ಚಿಲ್ಲರೆ. ಇದಕ್ಕೆ ರೆಡಿ ಕಿಟ್ ಬೇಡ ಅಂತ ಮೊದಲೇ ನಿರ್ಧಾರ ಮಾಡಿದ್ದೆ. ಪ್ಲಾಸ್ಟಿಕ್ ಹಾಳೆ ಕೊಯ್ದು, ಗರಗಸದ ಹಲ್ಲಿನಿಂದ ಎಳೆದು ಮರದ ಎಳೆ ಮೂಡಿಸಿ, ಹಿತ್ತಾಳೆ ಪಟ್ಟಿ ಬೆಸುಗೆ ಹಾಕಿ, ರಿವೆಟ್ಟಿಗೆ ಹಿಂದಿನಿಂದ ಸೂಜಿಯಲ್ಲಿ ಒತ್ತಿ, ಎಲ್ಲ ಕೈಯಲ್ಲೇ ಆದದ್ದು. ಬೂದು ಬಣ್ಣ, ಅದರ ಮೇಲೆ ಸೈನ್ಯದ ಸ್ವತ್ತು ಅಂತ ತೋರಿಸೋ ಬಾಣದ ಗುರುತು. ಅದಕ್ಕೆ ಈಗ ಸ್ಟ್ರೆಚರ್ ಬೇಕು. ಆಗಿನ ಸ್ಟ್ರೆಚರ್ ಏಳೂವರೆ ಅಡಿಗಿಂತ ಸ್ವಲ್ಪ ಉದ್ದ. ವ್ಯಾಗನ್ನಿನ ನೆಲದ ಮೇಲೆ ಇಟ್ಟು ನೋಡಿದೆ, ಪಕ್ಕಪಕ್ಕ ಎರಡು, ಉದ್ದಕ್ಕೆ ಎರಡು. ನಾಲ್ಕೇ ನಾಲ್ಕು. 224 ಗುಂಡು ಹಿಡಿದ ಜಾಗದಲ್ಲಿ ಮಲಗಿಸೋಕೆ ಆಗೋದು ನಾಲ್ಕು ಜನ. ಆ ಸಂಖ್ಯೆ ಮುಂದೆ ಸುಮಾರು ಹೊತ್ತು ಕೂತಿದ್ದೆ.

ಮಾಡೆಲ್ ರೈಲು ಕ್ಲಬ್ಬಿನ ಗೆಳೆಯನಿಗೆ ಫೋನ್ ಮಾಡಿ ಹೇಳಿದೆ. ಮುಂದಿನ ತಿಂಗಳ ಪ್ರದರ್ಶನಕ್ಕೆ ಗುಂಡು ಬೇಡ, ಗಾಯಾಳುಗಳನ್ನ ತೋರಿಸ್ತೀನಿ ಅಂತ. ಅವನಿಗೆ ಹಿಡಿಸಲಿಲ್ಲ. ಮಕ್ಕಳು ಬರ್ತಾರೆ, ಜನ ಖುಷಿಗೆ ಬರ್ತಾರೆ, ಇದೆಲ್ಲ ಯಾಕೆ ಅಂದ. ಒಳ್ಳೆ ಮನುಷ್ಯ, ಬೆಸುಗೆ ಹಾಕೋದು ನನಗೆ ಕಲಿಸಿದ್ದೇ ಅವನು. ಆದರೆ ಈ ಮಾತು ನನಗೆ ಒಪ್ಪಿಗೆ ಆಗಲಿಲ್ಲ. ಗುಂಡು ತುಂಬಿದ ಗಾಡಿ ಮಕ್ಕಳಿಗೆ ತೋರಿಸಬಹುದು, ಆ ಗುಂಡಿನ ಕೆಲಸ ಏನು ಅಂತ ಮಾತ್ರ ತೋರಿಸಬಾರದು ಅಂದ್ರೆ ಹೇಗೆ? ಹಾಗೆ ಅವನಿಗೆ ಹೇಳಿಯೂ ಹೇಳಿದೆ. ಸ್ವಲ್ಪ ಜೋರಾಗೇ ಹೇಳಿದೆ. ಯುದ್ಧದ ಮಾಡೆಲ್ ಮಾಡೋ ನಮ್ಮಂಥ ಎಷ್ಟೋ ಜನ ಬೋಲ್ಟಿನ ತಲೆ ಚೌಕನಾ ಷಟ್ಕೋನನಾ ಅಂತ ತಿಂಗಳುಗಟ್ಟಲೆ ವಾದ ಮಾಡ್ತೀವಿ, ಆ ಬೋಲ್ಟಿನ ಮೇಲೆ ಯಾರು ಕೂತಿದ್ದರು ಅಂತ ಕೇಳಲ್ಲ.

ಆಮೇಲೆ ವ್ಯಾಗನ್ನನ್ನ ತೋಟದ ಹಳಿ ಮೇಲೆ ಓಡಿಸಿ ನೋಡಿದೆ. ಗುಂಡಿದ್ದಾಗ ನೆಟ್ಟಗೆ ಹೋಗುತ್ತಿದ್ದದ್ದು ಈಗ ಪ್ರತಿ ಜೋಡಣೆಯಲ್ಲೂ ಎಗರುತ್ತಿತ್ತು. ತಿರುವಿನಲ್ಲಿ ಎರಡು ಸಲ ಹಳಿ ತಪ್ಪಿತು. ಸ್ಪ್ರಿಂಗು ನಾನು ಭಾರಕ್ಕೆ ಅಂತ ಗಟ್ಟಿಯದೇ ಹಾಕಿದ್ದೆ. ಹಗುರಾದ ಮಾಡೆಲ್ಲಿಗೆ ಕೆಳಗೆ ಸೀಸದ ತುಂಡು ಅಂಟಿಸೋದು ನಾವು ಮಾಡೋ ಮಾಮೂಲಿ ಉಪಾಯ. ಅಮ್ಮ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದಳು.

"ಖಾಲಿ ಲಾರಿ ಹಂಗೇ. ಸೊಂಟ ಮುರಿಯುತ್ತೆ" ಅಂದಳು. "ನೀನು ಹುಟ್ಟೋವಾಗ ರಾತ್ರಿ ನೋವು ಬಂತು. ಬೇರೆ ಗಾಡಿ ಇಲ್ಲ. ಲಾರಿ ಖಾಲಿ ನಿಂತಿತ್ತು. ಕುಲುಕ್ಬಾರ್ದು ಅಂತ ನಿಮ್ಮಪ್ಪ ಇಪ್ಪತ್ತು ಮೂಟೆ ಆಲೂಗಡ್ಡೆ ಹಾಕ್ಸಿದ್ರು. ಅದಾದ್ಮೇಲೆ ನನ್ನ ಹತ್ತಿಸ್ಕೊಂಡ್ರು. ಹಾಸನದ ಆಸ್ಪತ್ರೆ ಬಾಗಿಲಲ್ಲಿ ಆ ಮೂಟೆಗಳ ಕಾವಲಿಗೆ ಕ್ಲೀನರ್ ಹುಡುಗ ಬೆಳಗಿನ ತನಕ ಕೂತಿದ್ದ."

ನಲವತ್ತಮೂರು ವರ್ಷದಲ್ಲಿ ಈ ಕಥೆ ನನಗೆ ಯಾರೂ ಹೇಳಿರಲಿಲ್ಲ. ಅಪ್ಪ ಹೋಗಿ ಆರು ವರ್ಷವಾಯ್ತು, ಅವರನ್ನ ಕೇಳೋ ಹಾಗೂ ಇಲ್ಲ. ನಡುರಾತ್ರಿ, ಹೆಂಡತಿ ನೋವು ತಿನ್ನುತ್ತಿರುವಾಗ, ಆ ಮನುಷ್ಯನಿಗೆ ಸ್ಪ್ರಿಂಗಿನ ಯೋಚನೆ ಬಂತು! ಕೋಪಿಷ್ಠ ಅಂತಲೇ ನಾನು ಅವರನ್ನ ಜಾಸ್ತಿ ನೆನಪಿಟ್ಟುಕೊಂಡಿದ್ದೆ. ಅದು ಸರಿಯಲ್ಲ ಅಂತ ಈಗ ಅನ್ನಿಸುತ್ತಿದೆ. ಹತ್ತು ಟನ್ ಹೊರೋಕೆ ಮಾಡಿದ ಗಾಡಿಯಲ್ಲಿ, ಕೆಸರಿನ ಮೇಲೆ ಹಾಸಿದ ಡೊಂಕು ಹಳಿಗಳಲ್ಲಿ, ಮುರಿದ ಕಾಲಿಟ್ಟುಕೊಂಡು ನಾಲ್ಕು ಜನ ಬರುವಾಗ ಪ್ರತಿ ಜೋಡಣೆ ಹೇಗೆ ಬಡಿದಿರಬೇಕು. ಬರ್ವಾಗ ಖಾಲಿ ಬರ್ತಿತ್ತಾ, ಬರ್ವಾಗ ಖಾಲಿ ಬರ್ತಿತ್ತಾ ಅಂತ ಆ ಚಕ್ರಗಳೇ ಕೇಳುತ್ತಿದ್ದ ಹಾಗಿತ್ತು ನನಗೆ.

ಇನ್ನೊಂದು ವಿಷಯ ಅಮ್ಮನಿಗೆ ಹೇಳಿದೆ. ಯುದ್ಧ ಮುಗಿದ ಮೇಲೆ ಈ ವ್ಯಾಗನ್ನುಗಳನ್ನ ಮಾರಿದರು. ಇದೇ ದೇಶದ ಲಿಂಕನ್‌ಷೈರಿನ ನಾಕ್ಟನ್ ಎಸ್ಟೇಟಿನವರು ತಗೊಂಡು ಹೊಲಗಳ ನಡುವೆ ಹಳಿ ಹಾಕಿ ಆಲೂಗಡ್ಡೆ ಸಾಗಿಸಿದರು. ಅಲ್ಲಿದ್ದ ಕೆಲವು ಗಾಡಿಗಳು ಸ್ಕೆಗ್ನೆಸ್ ಹತ್ತಿರದ ಸಣ್ಣ ರೈಲಿನಲ್ಲಿ ಇವತ್ತಿಗೂ ಇವೆ. ಆಲೂಗಡ್ಡೆ ಅಂದ ಕೂಡಲೇ ಅಮ್ಮನ ಮುಖ ಅರಳಿತು. "ಒಂದಿನ ಕರ್ಕೊಂಡ್ ಹೋಗು" ಅಂದಳು. ಹೋಗಬೇಕು, ವೀಸಾ ಮುಗಿಯೋದರೊಳಗೆ.

ನಿನ್ನೆ ರಾತ್ರಿ ಸೀಸ ಅಂಟಿಸಲಿಲ್ಲ. ಎಗರಲಿ ಅಂತ ಬಿಟ್ಟೆ. ಚಕ್ರ ಹಳಿ ತಪ್ಪದ ಹಾಗೆ ಸ್ಪ್ರಿಂಗ್ ಒಂದು ಸುತ್ತು ಸಡಿಲ ಮಾಡಿದೆ ಅಷ್ಟೇ. ನಾಲ್ಕು ಸ್ಟ್ರೆಚರ್ ಇಟ್ಟು, ಜೇಡಿಯಲ್ಲಿ ಮಾಡಿದ ನಾಲ್ಕು ಜನರನ್ನ ಮಲಗಿಸಿದೆ. ಅಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು.

"ಚಳಿ ಕಾಲನಾ?"

"ಅಕ್ಟೋಬರ್ ಅಮ್ಮ. ಮಳೆ ಬೇರೆ."

ಏನೂ ಹೇಳದೆ ಒಳಗೆ ಹೋದಳು. ತನ್ನ ಹಳೇ ಕಂದು ಶಾಲು, ಕತ್ತರಿ ಎರಡೂ ತಂದು ನನ್ನ ಮುಂದೆ ಕೂತಳು.

"ಉದ್ದ ಎಷ್ಟು ಅಂತ ಸರಿಯಾಗಿ ಅಳೆದು ಹೇಳು. ಪಾದ ಮುಚ್ಬೇಕು."