‘ಕೀಮೋ ಕೊಡ್ತಿದಾರೆ ಸಾರ್’ ಅನ್ನಬೇಡಿ

ಬೆಂಗಳೂರಿನಲ್ಲಿ ಮೂರು ವಾರಕ್ಕೊಮ್ಮೆ ಕ್ಯಾನ್ಸರಿಗೆ ಇಮ್ಯುನೋಥೆರಪಿ ಡ್ರಿಪ್ ಹಾಕಿಸಿಕೊಂಡು ಸಂಜೆ ಬಸ್ಸಿಗೆ ಪಾವಗಡಕ್ಕೋ ಮುಳಬಾಗಿಲಿಗೋ ವಾಪಸ್ಸಾಗುವ ರೋಗಿಗೆ ತೊಂದರೆ ಶುರುವಾಗುವುದು ಮನೆಯಲ್ಲಿ. ಮೊದಲು ನೋಡುವವರು ಮೆಡಿಕಲ್ ಶಾಪಿನವರು, ಇಲ್ಲವೇ ಊರಿನ ಡಾಕ್ಟರು. ಅಲ್ಲಿ ಮನೆಯವರು ‘ಕೀಮೋ ಕೊಡ್ತಿದಾರೆ ಸಾರ್’ ಅಂದುಬಿಟ್ಟರೆ ಚಿಕಿತ್ಸೆ ಅಲ್ಲಿಂದಲೇ ದಾರಿ ತಪ್ಪುತ್ತದೆ.

ಪೆಂಬ್ರೊಲಿಜುಮ್ಯಾಬ್, ನಿವೊಲುಮ್ಯಾಬ್, ಅಟೆಜೊಲಿಜುಮ್ಯಾಬ್, ಇಪಿಲಿಮುಮ್ಯಾಬ್ ಇವು ಯಾವುವೂ ಕೀಮೋ ಅಲ್ಲ. ರೋಗದ ವಿರುದ್ಧ ಹೋರಾಡುವ ಟಿ ಕೋಶಗಳಿಗೆ ದೇಹ ತಾನೇ ಹಾಕಿರುವ ಮೂಗುದಾರವನ್ನು ಇವು ಬಿಚ್ಚುತ್ತವೆ. ಹೀಗೆ ಬಿಚ್ಚಿ ಕ್ಯಾನ್ಸರ್ ಮಣಿಸಬಹುದೆಂಬ ದಾರಿ ತೋರಿಸಿದ್ದಕ್ಕೇ ಜೇಮ್ಸ್ ಆಲಿಸನ್, ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ಬಂತು. ಆದರೆ ಬಿಚ್ಚಿದ ಎತ್ತು ಗಡ್ಡೆಯೊಂದನ್ನೇ ಮೇಯುವುದಿಲ್ಲ. ಕರುಳು, ಚರ್ಮ, ಲಿವರ್, ಶ್ವಾಸಕೋಶ, ಗ್ರಂಥಿಗಳು, ಯಾವುದಕ್ಕೆ ಬೇಕಾದರೂ ಬಾಯಿ ಹಾಕುತ್ತದೆ. ಬಾಯಿ ಕ್ಯಾನ್ಸರಿಗೆ ನಿವೊಲುಮ್ಯಾಬನ್ನು ಬರೀ 20 ಮಿಲಿಗ್ರಾಂ ಕೊಡುವ ಕ್ರಮವೂ ಇದೆ. ಡೋಸು ಕಮ್ಮಿ ಅಂತ ಎಚ್ಚರ ಕಮ್ಮಿ ಮಾಡಬೇಡಿ.

ಹೆಚ್ಚು ಮೋಸ ಮಾಡುವುದು ಭೇದಿ. ಮದುವೆ ಊಟ ಹಿಡಿಸಲಿಲ್ಲ ಅಂದುಕೊಂಡು ಲೊಪೆರಮೈಡ್ ನುಂಗಿ ಕೂತರೆ ಭೇದಿ ನಿಂತಂತೆ ಕಾಣುತ್ತದೆ, ಒಳಗಿನ ಉರಿಯೂತ ನಿಲ್ಲುವುದಿಲ್ಲ. ಎಣಿಸಿ: ಮಾಮೂಲಿಗಿಂತ ದಿನಕ್ಕೆ ಒಂದರಿಂದ ಮೂರು ಸಲ ಜಾಸ್ತಿಯಾದರೆ ಫೋನ್ ಮಾಡಿ ತಿಳಿಸಿದರೆ ಸಾಕು. 4ರಿಂದ 6 ಸಲ ಜಾಸ್ತಿಯಾದರೆ ಮುಂದಿನ ಡ್ರಿಪ್ ತಡೆದು ಸ್ಟೀರಾಯ್ಡ್ ಯೋಚಿಸುವ ಹಂತ. 7 ಅಥವಾ ಅದಕ್ಕೂ ಜಾಸ್ತಿಯಾದರೆ, ರಕ್ತ ಬಿದ್ದರೆ, ಇಲ್ಲವೇ ಹೊಟ್ಟೆ ಬಿಗಿದರೆ, ಅದೇ ದಿನ ಅಡ್ಮಿಟ್. ಕರುಳು ತೂತಾಗುವ ಅಪಾಯವಿದೆ. ಸೋಂಕು ಇದೆಯೇ ಎಂದು ಮಲ ಪರೀಕ್ಷೆಗೆ ಕಳಿಸಬೇಕು, ಆದರೆ ರೋಗಿ ಸುಸ್ತಾಗಿದ್ದರೆ ರಿಪೋರ್ಟಿಗಾಗಿ ಸ್ಟೀರಾಯ್ಡ್ ಕಾಯಿಸಬಾರದು.

ತೀವ್ರವಿದ್ದಾಗ ಸ್ಟೀರಾಯ್ಡ್ ಮಾತ್ರೆ ಪ್ರೆಡ್ನಿಸೊಲೋನ್ ಲೆಕ್ಕ ದಿನಕ್ಕೆ ಕೆಜಿ ತೂಕಕ್ಕೆ 1ರಿಂದ 2 ಮಿಲಿಗ್ರಾಂ. 60 ಕೆಜಿಯವರಿಗೆ ದಿನಕ್ಕೆ ಕನಿಷ್ಠ 60 ಮಿಲಿಗ್ರಾಂ, ಬೆಳಗ್ಗೆ ತಿಂಡಿಯ ನಂತರ. ಮೂರ್ನಾಲ್ಕು ದಿನದಲ್ಲಿ ಇಳಿಯದಿದ್ದರೆ ಉರಿಯೂತ ತಡೆಯುವ ಇನ್ನೊಂದು ಔಷಧ, ಇನ್‌ಫ್ಲಿಕ್ಸಿಮ್ಯಾಬ್, ಕೆಜಿಗೆ 5 ಮಿಲಿಗ್ರಾಂ. ಅದಕ್ಕೆ ಮೊದಲು ಟಿಬಿ, ಹೆಪಟೈಟಿಸ್ ಬಿ ನೋಡಿರಬೇಕು. ಈ ಟೆಸ್ಟುಗಳನ್ನು ಇಮ್ಯುನೋಥೆರಪಿ ಶುರುವಿನಲ್ಲೇ ಮಾಡಿಸಿಟ್ಟರೆ ಆಮೇಲೆ ಪರದಾಟವಿಲ್ಲ. ಲಿವರ್ ಕೆಟ್ಟಿದ್ದರೆ ಇನ್‌ಫ್ಲಿಕ್ಸಿಮ್ಯಾಬ್ ಬೇಡ, ಮೈಕೋಫೆನೊಲೇಟ್ ಕೊಡುತ್ತಾರೆ.

ಎಡವಟ್ಟಾಗುವುದು ಮಾತ್ರೆ ನಿಲ್ಲಿಸುವಾಗ. ‘ಸ್ಟೀರಾಯ್ಡ್ ಒಳ್ಳೇದಲ್ಲ’ ಎಂದು ಯಾರೋ ಅಂದರು, ಭೇದಿಯೂ ನಿಂತಿತು, ಎಂಟನೇ ದಿನ ಮಾತ್ರೆ ಬಿಟ್ಟರು. ಹಾಗೆ ಬಿಟ್ಟರೆ ಉರಿಯೂತ ಮತ್ತೆ ಏಳುತ್ತದೆ, ಸಲ ಸಲಕ್ಕೂ ಹತೋಟಿ ಕಷ್ಟ. ಇಳಿಸಲು 4ರಿಂದ 6 ವಾರ ಬೇಕು. 60ರಿಂದ ವಾರಕ್ಕೆ 10ರಂತೆ ಇಳಿಸುವುದು ಒಂದು ರೂಢಿ. 20 ಮಿಲಿಗ್ರಾಂ ಅಥವಾ ಹೆಚ್ಚು ನಾಲ್ಕು ವಾರ ನಡೆದರೆ ನ್ಯುಮೋನಿಯಾ ತಡೆಗೆ ಕೋಟ್ರಿಮಾಕ್ಸಜೋಲ್ ಸೇರಿಸುತ್ತಾರೆ. ಶುಗರ್ ಏರುವುದಂತೂ ಗ್ಯಾರಂಟಿ ಅಂದುಕೊಂಡೇ ನೋಡುತ್ತಿರಿ, ಅದರಲ್ಲೂ ಮಧ್ಯಾಹ್ನದ ಮೇಲೆ.

ಇನ್ನು ಗ್ರಂಥಿಗಳು. ಸುಸ್ತು ಅಂದರೆ ‘ಒಂದು ಗ್ಲೂಕೋಸ್ ಹಾಕಿಸ್ಕೊಂಡು ಬನ್ನಿ’ ಅನ್ನುವುದು ನಮ್ಮ ಕಡೆಯ ಅಭ್ಯಾಸ. ಮೇಲಿನ ಬಿಪಿ 90ಕ್ಕಿಂತ ಕೆಳಗೆ, ಸೋಡಿಯಂ ಕಡಿಮೆ, ವಾಂತಿ, ಬಿಡದ ತಲೆನೋವು ಇದ್ದರೆ ಮೆದುಳಿನ ಬುಡದ ಪಿಟ್ಯುಟರಿ ಅಥವಾ ಕಿಡ್ನಿ ಮೇಲಿನ ಅಡ್ರಿನಲ್ ಗ್ರಂಥಿ ಸೋತಿರಬಹುದು. ಆಗ ಬರೀ ಬಾಟಲಿ ಏರಿಸಿದರೆ ಸಾಲದು, ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ಇಂಜೆಕ್ಷನ್ ಬೇಕು. ಥೈರಾಯ್ಡೂ ಸೋತಿದ್ದರೆ ಕ್ರಮ ಮುಖ್ಯ: ಮೊದಲು ಹೈಡ್ರೋಕಾರ್ಟಿಸೋನ್, ಆಮೇಲೆ ಥೈರಾಕ್ಸಿನ್. ತಿರುಗುಮುರುಗಾದರೆ ರೋಗಿ ಕುಸಿಯಬಹುದು. ಏಕಾಏಕಿ ಶುಗರ್ 400 ದಾಟಿದರೆ ಮೆಟ್‌ಫಾರ್ಮಿನ್ ಸಾಲದು. ಕೀಟೋನ್ ನೋಡಿ ಇನ್ಸುಲಿನ್ ಶುರು ಮಾಡಬೇಕು.

ಒಣಕೆಮ್ಮು, ಏದುಸಿರು ಬಂದರೆ ಶಿಡ್ಲಘಟ್ಟದಲ್ಲಿ ರೇಷ್ಮೆ ರೀಲಿಂಗ್ ಹೊಗೆಯ ಮೇಲೆ, ಬೇರೆ ಕಡೆ ಟಿಬಿಯ ಮೇಲೆ ಅನುಮಾನ ಹೋಗುತ್ತದೆ. ಟಿಬಿ ಇರಲೂಬಹುದು, ಕಫ ಪರೀಕ್ಷೆ ಬಿಡಬೇಡಿ. ಆದರೆ ಬೆರಳ ಆಕ್ಸಿಮೀಟರ್ ಮಾಮೂಲಿಗಿಂತ ಇಳಿದಿದ್ದರೆ ಅವತ್ತೇ ಸಿಟಿ ಸ್ಕ್ಯಾನ್ ಮಾಡಿಸಿ, ಎಕ್ಸ್‌ರೇಯಲ್ಲಿ ಶುರುವಿನ ನ್ಯುಮೊನೈಟಿಸ್ (ಶ್ವಾಸಕೋಶದ ಉರಿಯೂತ) ಕಾಣದೇ ಹೋಗಬಹುದು. ಕೀಲು ನೋವನ್ನು ಬೋರ್‌ವೆಲ್ ನೀರಿನ ಫ್ಲೋರೈಡಿಗೆ ತಳ್ಳುವುದು ಪಾವಗಡ, ಬಾಗೇಪಲ್ಲಿಯಲ್ಲಿ ಸಹಜ. ಆದರೆ ಫ್ಲೋರೈಡಿನ ನೋವು ವರ್ಷಗಟ್ಟಲೆ ಬೆಳೆಯುತ್ತದೆ, ಇಮ್ಯುನೋಥೆರಪಿಯ ನೋವು ವಾರಗಳಲ್ಲಿ ಊತದ ಸಮೇತ ಬರುತ್ತದೆ.

ಹೃದಯದ ಉರಿಯೂತ ಅಪರೂಪ, ಬಂದರೆ ಬದುಕುವುದು ಕಷ್ಟ. ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲಿ. ಎದೆನೋವಷ್ಟೇ ಅಲ್ಲ, ರೆಪ್ಪೆ ಜೋತು ಬೀಳುವುದು, ಎರಡೆರಡು ಕಾಣುವುದು, ತೊಡೆ ಸೋಲುವುದು ಜೊತೆಗಿದ್ದರೆ ಇಸಿಜಿ, ಹೃದಯ ಮತ್ತು ಸ್ನಾಯುವಿನ ಪೆಟ್ಟು ತಿಳಿಸುವ ರಕ್ತ ಪರೀಕ್ಷೆಗಳಾದ ಟ್ರೋಪೋನಿನ್, ಸಿಪಿಕೆ ಮೂರನ್ನೂ ತಕ್ಷಣ ಮಾಡಿಸಿ. ಇಲ್ಲಿ ನಾಳೆ ನೋಡೋಣ ಅನ್ನುವಂತಿಲ್ಲ.

ಪರ್ಸಿನಲ್ಲೊಂದು ಚೀಟಿ ಇಡಿ: ಔಷಧದ ಹೆಸರು, ಕೊನೆಯ ಡ್ರಿಪ್ಪಿನ ತಾರೀಕು, ಕ್ಯಾನ್ಸರ್ ಡಾಕ್ಟರ ಫೋನ್ ನಂಬರು, ‘ಇದು ಕೀಮೋ ಅಲ್ಲ, ಇಮ್ಯುನೋಥೆರಪಿ’ ಎಂಬ ಸಾಲು. ಡ್ರಿಪ್ ಮುಗಿಯಿತೆಂದು ಚೀಟಿ ಎಸೆಯಬೇಡಿ. ನಿಂತು ತಿಂಗಳುಗಳಾದ ಮೇಲೂ ಭೇದಿ, ಕೆಮ್ಮು ಇದೇ ಕಾರಣಕ್ಕೆ ಬರುವುದುಂಟು.