ಮೈಕ್ ಸಿಗಲಿಲ್ಲ, ಕುರ್ಚಿ ಸಿಕ್ಕಿತು
ಕಾಲೇಜಿನ ರಕ್ತದಾನ ಶಿಬಿರದ ಜವಾಬ್ದಾರಿ ಈ ಸಲ ನನ್ನದು. ಲೀಡರ್ ಅಂದ್ರೆ ಮೈಕ್ ಹಿಡಿಯೋದು ಅಂದುಕೊಂಡಿದ್ದೆ. ದಿನವಿಡೀ ಮಾಡಿದ್ದು ಕುರ್ಚಿ ಎಳೆಯುವುದು, ಫಾರಂ ತುಂಬಿಸುವುದು, ತಲೆ ಸುತ್ತಿದವರ ಕಾಲು ಎತ್ತಿ ಹಿಡಿಯುವುದು!

ಸಾಲು ಉದ್ದವಾದಷ್ಟೂ ನಾನು ಖುಷಿಯಲ್ಲಿ ಕುಣಿಯುತ್ತಿದ್ದೆ. ಆಗ ಬ್ಲಡ್ ಬ್ಯಾಂಕಿನ ಟೆಕ್ನಿಷಿಯನ್ ಅಕ್ಕ ಮೆಲ್ಲಗೆ ಹೇಳಿದರು: ದಾನದ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಲು ನೆರವಾಗುವ ಕಣ) ಸಾಮಾನ್ಯವಾಗಿ 5 ದಿನವಷ್ಟೇ ಬಾಳುತ್ತದೆ, ಅದೂ 20ರಿಂದ 24 ಡಿಗ್ರಿಯಲ್ಲಿ, ಸದಾ ಅಲುಗಾಡಿಸುತ್ತಾ ಇಡಬೇಕು. ಒಂದೇ ದಿನ ನೂರು ಜನ ಬರುವುದಕ್ಕಿಂತ ವರ್ಷವಿಡೀ ಹತ್ತತ್ತು ಜನ ಬರಲಿ ಅಂದರು. ಬಯಾಲಜಿಯಲ್ಲಿ ರಕ್ತದ ಪಾಠ ಓದಿದ್ದೆ, ಮಾರ್ಕ್ಸೂ ಬಂದಿತ್ತು. ಇದು ಮಾತ್ರ ಹೊಳೆದಿರಲಿಲ್ಲ.

ಅಂದಹಾಗೆ, ಹಿಮೋಗ್ಲೋಬಿನ್ ಕಡಿಮೆ ಅಂತ ನನ್ನನ್ನೇ ವಾಪಸ್ ಕಳಿಸಿದರು. ಎಲ್ಲರನ್ನೂ ಕರೆದವಳು ನಾನು!

ಮುಂದಿನ ತಿಂಗಳಿಗೆ ಹತ್ತು ಹೆಸರು ಹುಡುಕುತ್ತಿದ್ದೇನೆ. ಯಾರಾದರೂ ಬರ್ತೀರಾ?