ಒಟ್ಟು ಕಬ್ಬಿಣ ನೋಡಿ ದೂಳಿನ ಬಣ್ಣ ಲೆಕ್ಕ ಹಾಕಬೇಡಿ

ಮುಂಗಾರಿಗೆ ಮುಂಚೆ ಕಡಲಾಚೆಯಿಂದ ಬರುವ ಮರುಭೂಮಿ ದೂಳನ್ನು ಮಂಗಳೂರಿನಲ್ಲಿ ಫಿಲ್ಟರಿಗೆ ಹಿಡಿಯಲು ಹೊರಟರೆ ಮೊದಲು ಅಡ್ಡಬರುವುದು ಕಾಲಡಿಯ ಮಣ್ಣೇ. ನಮ್ಮ ಕೆಂಪುಕಲ್ಲಿಗೆ ಬಣ್ಣ ಕೊಟ್ಟಿರುವುದು ಹೆಮಟೈಟ್, ಗೋಥೈಟ್ ಎಂಬ ಕಬ್ಬಿಣದ ಆಕ್ಸೈಡ್ ಖನಿಜಗಳು. ಅರೇಬಿಯಾದ ದೂಳು ನೀಲಿ ಬೆಳಕನ್ನು ಹೀರುವುದೂ ಇವೆರಡರಿಂದಲೇ. ಹಾಗಾಗಿ ಕೆಂಪು ಕಂಡ ಕೂಡಲೇ ಮರುಭೂಮಿ ಅನ್ನಬಾರದು. ಸುಣ್ಣದ ಖನಿಜ ಕ್ಯಾಲ್ಸೈಟ್ ಮರುಭೂಮಿ ದೂಳಿನ ಗುರುತಾಗಬಹುದಿತ್ತು, ಆದರೆ ಚಿಪ್ಪಿನ ಸುಣ್ಣ, ಸಿಮೆಂಟು ಇರುವ ಊರಲ್ಲಿ ಅದನ್ನೂ ಪೂರ್ತಿ ನಂಬುವ ಹಾಗಿಲ್ಲ. ಎಕ್ಸ್-ಕಿರಣ ಚೆದುರುವ ಕೋನದಿಂದ ಖನಿಜ ಗುರುತಿಸುವ ಎಕ್ಸ್‌ಆರ್‌ಡಿಯಲ್ಲಿ (ತಾಮ್ರದ ಟ್ಯೂಬ್) 8.4 ಡಿಗ್ರಿ ಕೋನದಲ್ಲಿ ಪ್ಯಾಲಿಗೋರ್ಸ್ಕೈಟ್ ಎಂಬ ಒಣನಾಡಿನ ಜೇಡಿ ಖನಿಜದ ಪೀಕ್ ಹುಡುಕುವುದು ವಾಸಿ. 8.8ರಲ್ಲಿ ಇಲ್ಲೈಟ್ ಎಂಬ ಇನ್ನೊಂದು ಜೇಡಿ ಖನಿಜ ಪಕ್ಕದಲ್ಲೇ ಇರುತ್ತದೆ, ನಿಧಾನವಾಗಿ ಸ್ಕ್ಯಾನ್ ಮಾಡಿ.

ಕ್ವಾರ್ಟ್ಸ್, ಕ್ಯಾಲ್ಸೈಟ್ ಕಣ್ಣಿಗೆ ಕಾಣುವ ಬೆಳಕನ್ನು ಹೆಚ್ಚೂಕಡಿಮೆ ಚೆದುರಿಸುತ್ತವೆ ಅಷ್ಟೇ. ಹೀರುವ ಕೆಲಸವೆಲ್ಲ ತೂಕದಲ್ಲಿ ನೂರಕ್ಕೆ ಕೆಲವೇ ಪಾಲಿರುವ ಕಬ್ಬಿಣದ ಆಕ್ಸೈಡ್‌ಗಳದ್ದು. ತಪ್ಪಾಗುವುದು ಇಲ್ಲೇ: ಎಕ್ಸ್‌ಆರ್‌ಎಫ್ (ಎಕ್ಸ್-ಕಿರಣದಿಂದ ಧಾತುಗಳ ಒಟ್ಟು ಪ್ರಮಾಣ ಅಳೆಯುವ ವಿಧಾನ) ಕೊಟ್ಟ ಕಬ್ಬಿಣವನ್ನೆಲ್ಲ ಹೆಮಟೈಟ್ ಎಂದು ಬಗೆದರೆ ದೂಳು ಇರುವುದಕ್ಕಿಂತ ಕಪ್ಪಾಗುತ್ತದೆ. ಆ ಕಬ್ಬಿಣದ ದೊಡ್ಡ ಭಾಗ ಜೇಡಿ ಖನಿಜಗಳ ಜಾಲಕದೊಳಗೆ ಸಿಕ್ಕಿಕೊಂಡಿರುತ್ತದೆ, ಬೆಳಕನ್ನು ಅಷ್ಟಾಗಿ ಹೀರುವುದಿಲ್ಲ.

ಮುಕ್ತ ಕಬ್ಬಿಣವನ್ನು, ಅಂದರೆ ಜೇಡಿಯೊಳಗೆ ಸಿಕ್ಕಿಕೊಳ್ಳದೆ ಆಕ್ಸೈಡ್ ಆಗಿರುವುದನ್ನು, ಬೇರ್ಪಡಿಸಲು ಸಿಟ್ರೇಟ್-ಬೈಕಾರ್ಬೊನೇಟ್-ಡೈಥಯೊನೈಟ್ ವಿಧಾನ ಹಳೆಯದಾದರೂ ಗಟ್ಟಿ: 40 ಮಿಲೀ 0.3 ಮೋಲಾರ್ ಸಿಟ್ರೇಟ್, 5 ಮಿಲೀ 1 ಮೋಲಾರ್ ಬೈಕಾರ್ಬೊನೇಟ್, 75-80 ಡಿಗ್ರಿಗೆ ಬಿಸಿ ಮಾಡಿ 1 ಗ್ರಾಂ ಡೈಥಯೊನೈಟ್, 15 ನಿಮಿಷ. ಇದು ಮಣ್ಣಿನ ಅಳತೆ, ಫಿಲ್ಟರಿನ ದೂಳಿಗೆ ಅದೇ ಪ್ರಮಾಣದಲ್ಲಿ ಇಳಿಸಬೇಕು. 80 ದಾಟಿದರೆ ಗಂಧಕ ಗಟ್ಟಿಯಾಗಿ ಬೇರ್ಪಟ್ಟು ಇಡೀ ಮಾದರಿ ಹಾಳು. ಕೆಂಪು ಹೋಗಿ ಬೂದು ಉಳಿದರೆ ಕೆಲಸ ಆದಂತೆ.

ಫಿಲ್ಟರಿನ ಲೆಕ್ಕ ಹಾಕಿ ನೋಡಿ. ನಿಮಿಷಕ್ಕೆ 16.7 ಲೀಟರ್, 24 ಗಂಟೆ ಎಂದರೆ 24 ಘನಮೀಟರ್. ಘನಮೀಟರಿಗೆ 100 ಮೈಕ್ರೋಗ್ರಾಂ ದೂಳಿದ್ದರೂ ಸಿಗುವುದು 2.4 ಮಿಲಿಗ್ರಾಂ. ಅದರಲ್ಲಿ 2 ಶೇಕಡ ಹೆಮಟೈಟ್ ಎಂದರೆ 48 ಮೈಕ್ರೋಗ್ರಾಂ! ಎಕ್ಸ್‌ಆರ್‌ಡಿಯಲ್ಲಿ ಹೆಮಟೈಟಿನ 33.2 ಡಿಗ್ರಿಯ ಪೀಕ್ ಕಾಣದಿದ್ದರೆ ಯಂತ್ರವನ್ನು ಬೈಯಬೇಡಿ. ಪ್ರಸರಿತ ಪ್ರತಿಫಲನ (ಮಾದರಿ ಎಲ್ಲ ದಿಕ್ಕಿಗೂ ಚೆದುರಿಸಿ ಹಿಂದಿರುಗಿಸುವ ಬೆಳಕು) ಅಳೆದು, ಅದು ತರಂಗಾಂತರದೊಂದಿಗೆ ಬದಲಾಗುವ ದರವನ್ನು, ಅಂದರೆ ಮೊದಲ ಡೆರಿವೇಟಿವ್ ತೆಗೆದರೆ ಗೋಥೈಟ್ 435, ಹೆಮಟೈಟ್ 565 ನ್ಯಾನೋಮೀಟರ್ ಹತ್ತಿರ ತಲೆಯೆತ್ತುತ್ತವೆ. ಕ್ವಾರ್ಟ್ಸ್ ನಾರಿನ ಫಿಲ್ಟರ್ ಬೇಡ, ಸಿಲಿಕದ ಹಿನ್ನೆಲೆ ಎಲ್ಲವನ್ನೂ ಮುಚ್ಚುತ್ತದೆ, ಟೆಫ್ಲಾನ್ ಇರಲಿ.

ಇನ್ನು ಸೆಖೆಗಾಲದ ತೇವ. ಕಡಲ ಉಪ್ಪು 75 ಶೇಕಡ ಆರ್ದ್ರತೆಯಲ್ಲಿ ಕರಗಿ ನೀರಾಗುತ್ತದೆ, ನಮ್ಮಲ್ಲಿ ಅದು ಮಾಮೂಲಿ ಬೆಳಗು. 30-40 ಶೇಕಡ ಆರ್ದ್ರತೆಯಲ್ಲಿ 24 ಗಂಟೆ ಇಡದೆ ತೂಗಿದರೆ ನೀರನ್ನೇ ದೂಳೆಂದು ಬರೆದುಕೊಂಡಂತೆ.